ಮಗಳಿಗೊಂದು ಪತ್ರ: ಕೋವಿಯಲ್ಲದ ಕ್ಯಾಲಿಬರ್

ವಿರಾಜಪೇಟೆ

ಪ್ರೀತಿಯ ಮಗಳೇ,

ನೀನು ಬಿಟ್ಟುಹೋದ ಲ್ಯಾಪ್‌ಟಾಪಿನಲ್ಲಿ ಕ್ಯಾಲಿಬರ್ ಇದೆ ಎಂದು ನಿನ್ನ ದೊಡ್ಡಪ್ಪನಿಗೆ ಹೇಳಿದೆ. ಕೋವಿಯ ನಳಿಗೆಯ ಅಳತೆಗೂ ಅದೇ ಹೆಸರಲ್ಲವೇ, "ಒಂಟಿ ನಳಿಗೆಯೋ, ಜೋಡಿಯೋ?" ಎಂದು ಕೇಳಿದರು. ಅದು ಇ-ಪುಸ್ತಕ ಜೋಡಿಸಿಡುವ ತಂತ್ರಾಂಶ, 2006ರಲ್ಲಿ ಕೋವಿದ್ ಗೋಯಲ್ ಎಂಬವರು ಶುರು ಮಾಡಿದ್ದು, ದುಡ್ಡು ಕೊಡಬೇಕಾಗಿಲ್ಲ ಎಂದು ವಿವರಿಸಿದೆ. "ಹೆಸರಿನಲ್ಲೇ ಕೋವಿ ಇಟ್ಟುಕೊಂಡಿದ್ದಾನಲ್ಲ!" ಎಂದು ನಕ್ಕರು.

ಮೂರು ವಾರದಿಂದ ಮಳೆ ಬಿಟ್ಟಿಲ್ಲ. ಕಪಾಟಿನ ಕೆಳಗಿನ ಸಾಲಿಗೆ ಮತ್ತೆ ಬೂಷ್ಟು ಹಿಡಿದಿದೆ. ನಿನ್ನ ಅಮ್ಮ ಒಂದೊಂದೇ ಪುಸ್ತಕವನ್ನು ಒರೆಸಿ ಒಲೆಯ ಪಕ್ಕ ನಿಲ್ಲಿಸುತ್ತಾಳೆ. ಹಾಳೆಗಳು ಸುಟ್ಟ ಹಪ್ಪಳದಂತೆ ಸೊಟ್ಟಗಾಗುತ್ತವೆ. ಅದನ್ನು ನೋಡಲಾರದೆ ನಾನು ಲ್ಯಾಪ್‌ಟಾಪಿನ ಮುಂದೆ ಕುಳಿತೆ.

ಮೊದಲ ದಿನವೇ ಎಡವಟ್ಟು ಮಾಡಿಕೊಂಡೆ. ಪುಸ್ತಕ ಸೇರಿಸಿದಾಗ ಕ್ಯಾಲಿಬರ್ ಅದರ ಇನ್ನೊಂದು ಪ್ರತಿಯನ್ನು ತನ್ನದೇ ಫೋಲ್ಡರಿನಲ್ಲಿ, ಲೇಖಕರ ಹೆಸರಿನಡಿ ಇಟ್ಟುಕೊಳ್ಳುತ್ತದೆ. ಅದು ನನಗೆ ಹಿಡಿಸಲಿಲ್ಲ. ಆ ಫೋಲ್ಡರಿಗೇ ನುಗ್ಗಿ ಕಥೆ, ಕಾದಂಬರಿ, ನಾಟಕ ಎಂದು ಬೇರೆ ಬೇರೆ ಮಾಡಿಟ್ಟೆ. ಮರುದಿನ ಪಟ್ಟಿಯಲ್ಲಿ ಹೆಸರುಗಳೆಲ್ಲ ಇದ್ದವು, ಒತ್ತಿದರೆ ಒಂದೂ ತೆರೆಯಲೊಲ್ಲದು. ಪುಣ್ಯಕ್ಕೆ ಮೂಲ ಪ್ರತಿಗಳನ್ನು ಅಳಿಸಿರಲಿಲ್ಲ. ಎಲ್ಲವನ್ನೂ ಮತ್ತೆ ಸೇರಿಸಿದೆ. ಕಥೆ, ಕಾದಂಬರಿ ಎಂಬುದನ್ನೆಲ್ಲ ಟ್ಯಾಗ್, ಅಂದರೆ ಗುರುತಿನ ಪದವಾಗಿ ಬರೆಯಬೇಕು, ಫೋಲ್ಡರನ್ನು ಮುಟ್ಟಬಾರದು ಎಂದು ನೀನು ಮೊದಲೇ ಹೇಳಬಹುದಿತ್ತು. ಹೇಳಿದ್ದೆಯೇನೋ, ನಾನೇ ಕೇಳಿಸಿಕೊಂಡಿರಲಿಲ್ಲ.

ಆಮೇಲೆ ಕುವೆಂಪು ಅವರ ಪಂಚಾಯಿತಿ. ಕುವೆಂಪು ಒಂದು ಕಡೆ, ಕೆ.ವಿ. ಪುಟ್ಟಪ್ಪ ಇನ್ನೊಂದು ಕಡೆ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕುವೆಂಪು ಮತ್ತೊಂದು ಕಡೆ. ಒಬ್ಬರೇ ಮೂರು ಮನೆ ಹೂಡಿದ್ದರು! ಎಡಗಡೆಯ ಲೇಖಕರ ಪಟ್ಟಿಯಲ್ಲಿ ಹೆಸರು ತಿದ್ದಿ ಮೂರನ್ನೂ ಒಂದೇ ಮಾಡಿದೆ. ಒಳಗಿನ ಫೋಲ್ಡರುಗಳನ್ನು ಅದೇ ಸರಿಪಡಿಸಿಕೊಂಡಿತು. ನಾನು ಗ್ರಂಥಪಾಲಕನಾಗಬೇಕಿತ್ತು ಎಂದು ಅವತ್ತು ಅನ್ನಿಸಿತು.

ಇಪಬ್ ಎಂಬ ಮಾದರಿಯ ಇ-ಪುಸ್ತಕಗಳಲ್ಲಿ ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು, ಕನ್ನಡಕ ಹುಡುಕುವ ಕೆಲಸವಿಲ್ಲ. ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿದ ಪಿಡಿಎಫ್ ಮಾತ್ರ ಜಗ್ಗುವುದಿಲ್ಲ. ಇಪಬ್‌ಗೆ ಬದಲಿಸಿದೆ, ಅದರಲ್ಲಿರುವುದು ಪುಟದ ಚಿತ್ರವೇ ಹೊರತು ಅಕ್ಷರವಲ್ಲವಲ್ಲ, ಚಿತ್ರವೇ ಬಂತು. ಅಂಥವನ್ನು ಹಾಗೆಯೇ ಬಿಟ್ಟಿದ್ದೇನೆ.

ನಿನ್ನೆ ಸಂಜೆ ಕರೆಂಟು ಹೋಯಿತು, ನೆಟ್‌ವರ್ಕ್ ಅದಕ್ಕೂ ಮೊದಲೇ ಹೋಗಿತ್ತು. ಇದಕ್ಕೆ ಇಂಟರ್ನೆಟ್ ಬೇಕಿಲ್ಲದ್ದರಿಂದ ಬ್ಯಾಟರಿ ಇರುವಷ್ಟು ಹೊತ್ತು ನಿನ್ನ ಅಮ್ಮನಿಗೆ ಒಂದು ಕಥೆ ಓದಿ ಹೇಳಿದೆ. ಮುಗಿಯಲು ಎರಡು ಪುಟ ಬಾಕಿ ಇರುವಾಗ ಲ್ಯಾಪ್‌ಟಾಪ್ ಆರಿತು. ಕೊನೆಗೆ ಏನಾಯಿತು ಎಂದು ಅವಳು ಬೆಳಗಿನಿಂದ ಕೇಳುತ್ತಿದ್ದಾಳೆ.

ಆಯುಧ ಪೂಜಿಸುವ ನಮ್ಮ ಕೈಲ್ ಮುಹೂರ್ತ ಹಬ್ಬಕ್ಕೆ ಬರುವಾಗ ಒಂದು ಪೆನ್ ಡ್ರೈವ್ ತಾ. ಇಡೀ ಲೈಬ್ರರಿ ಫೋಲ್ಡರನ್ನು ಅದಕ್ಕೆ ನಕಲು ಮಾಡಿಡೋಣ. ಅವತ್ತು ಕೋವಿಗಳ ಜೊತೆ ಲ್ಯಾಪ್‌ಟಾಪಿಗೂ ಒಂದು ತೋಕ್ ಪೂ, ಅದೇ ಕೋವಿ ಹೂವು, ಇಡುತ್ತಾರಂತೆ ನಿನ್ನ ದೊಡ್ಡಪ್ಪ.

ಇಂತಿ,
ಅಪ್ಪ