ಸಿಮ್ಯುಲೇಶನ್ ತೋರಿಸುವ ಮೊದಲು ಊಹೆ ಕೇಳಿ

ಎಲ್ಲರಿಗೂ ನಮಸ್ಕಾರ. ಈ ವಾರ ವಿದ್ಯುತ್ ಪಾಠ ಮಾಡುವವರು ಫೆಟ್ (PhET) ಸಿಮ್ಯುಲೇಶನ್, ಅಂದರೆ ಕಂಪ್ಯೂಟರ್ ಪರದೆ ಮೇಲೆ ಮಾಡಿ ನೋಡುವ ಪ್ರಯೋಗ, ಬಳಸಿ ನೋಡಿ. ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಶುರುವಾದದ್ದು, ಉಚಿತ. ಒಮ್ಮೆ ಡೌನ್‌ಲೋಡ್ ಮಾಡಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ.

ಸುಮ್ನೆ ಪರದೆ ಮೇಲೆ ತೋರಿಸಿಬಿಟ್ಟರೆ ಮಕ್ಕಳು ನೋಡಿ ಮರೆತುಬಿಡುತ್ತಾರೆ. ಮೊದಲು ಊಹೆ ಕೇಳಿ: ಒಂದು ಬಲ್ಬ್ ಉರಿಯುತ್ತಿದೆ, ಅದೇ ಸಾಲಿಗೆ ಇನ್ನೊಂದು ಸೇರಿಸಿದರೆ ಬೆಳಕು ಏನಾಗುತ್ತದೆ? ಪ್ರತಿಯೊಬ್ಬರೂ ಬರೆದಿಡಲಿ. ಆಮೇಲೆ ಮೌಸ್ ಅವರ ಕೈಗೇ ಕೊಡಿ. ಎರಡೂ ಬಲ್ಬ್ ಮಂಕಾದಾಗ, ‘ಮೊದಲನೆಯದೇ ಜಾಸ್ತಿ ಉರಿಯುತ್ತೆ’ ಅಂತ ಬರೆದ ಮಗುವಿನ ಮುಖ ನೋಡಿ. ‘ಯಾಕೆ ಹೀಗೆ?’ ಅಂತ ಅದೇ ಕೇಳುತ್ತದೆ. ಪಾಠ ಶುರುವಾಗುವುದು ಅಲ್ಲೇ ಅಲ್ವಾ?

ಕಂಪ್ಯೂಟರ್ ಒಂದೇ ಇದ್ದರೂ ಪರವಾಗಿಲ್ಲ, ತಂಡಕ್ಕೊಬ್ಬರು ಬಂದು ಮಾಡಲಿ. ಮಕ್ಕಳು ಬರೆದ ಊಹೆಗಳನ್ನು ಶನಿವಾರದೊಳಗೆ ಇಲ್ಲಿ ಹಾಕಿ.