‘ನಾಳೆ ಬಾ’ ಸೀಮೆಸುಣ್ಣ ಇನ್ನು ಮಾರಾಟಕ್ಕಿಲ್ಲ

ಫೋನಿನಲ್ಲಿ ನಮ್ಮ ‘ಅಜ್ಜಿಮನೆ’ ಆಟ ಆಡುತ್ತಿರುವ ಎಲ್ಲರಿಗೂ ನಮಸ್ಕಾರ.

ಬರುವ ಅಮಾವಾಸ್ಯೆಯ ರಾತ್ರಿ ಆಟಕ್ಕೆ ಹೊಸ ಅಪ್‌ಡೇಟ್ ಬಿಡುತ್ತಿದ್ದೇವೆ. ಅಲ್ಲಿಂದ ಮುಂದೆ ಆಟದೊಳಗಿನ ಅಂಗಡಿಯಲ್ಲಿ ‘ನಾಳೆ ಬಾ’ ಸೀಮೆಸುಣ್ಣ ಸಿಗುವುದಿಲ್ಲ. ಹತ್ತು ತುಂಡಿನ ಡಬ್ಬಿಯನ್ನು 29 ರೂಪಾಯಿಗೆ ಮಾರುತ್ತಿದ್ದೆವಲ್ಲ, ಅದೇ. ದುಡ್ಡು ಕೊಟ್ಟು ಕೊಂಡವರ ಗತಿಯೇನು ಎಂಬುದನ್ನು ಪತ್ರದ ಕೊನೆಯಲ್ಲಿ ಬರೆದಿದ್ದೇವೆ. ಅವಸರ ಇದ್ದವರು ನೇರ ಅಲ್ಲಿಗೇ ಹೋಗಿ. ಉಳಿದವರು ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂತು ಕೇಳಿ.

ಮಕ್ಕಳಿಗೆ ಆಟ ಕೊಡಿಸಿ ತಾವು ಮುಟ್ಟದ ಅಪ್ಪ ಅಮ್ಮಂದಿರಿಗಾಗಿ ಎರಡು ಮಾತು. ಮಲೆನಾಡಿನ ಒಂದು ಒಂಟಿ ಮನೆ, ಅದರಲ್ಲಿ ಒಬ್ಬಳು ಅಜ್ಜಿ, ರಜೆಗೆ ಬಂದ ಮೊಮ್ಮಗು. ಕತ್ತಲಾದರೆ ದೆವ್ವಗಳು ದಂಡು ಕಟ್ಟಿಕೊಂಡು ಬರುತ್ತವೆ. ಮೊಮ್ಮಗುವಿನ ಕೈಯಲ್ಲಿ ಹಿಡಿಸೂಡಿ, ಹಳೇ ಚಪ್ಪಲಿ, ಬೇವಿನ ಸೊಪ್ಪು, ಒಂದು ಒನಕೆ. ಕೋಳಿ ಕೂಗುವ ತನಕ ಮನೆ ಉಳಿಸಿಕೊಂಡರೆ ಆ ರಾತ್ರಿ ಗೆದ್ದಂತೆ. ಅಜ್ಜಿ ಯಾರಿಗೂ ಹೊಡೆಯುವುದಿಲ್ಲ. ಬರೀ ಬೈಯುತ್ತಾಳೆ, ದೆವ್ವಕ್ಕೂ ನಿಮಗೂ ಒಂದೇ ಸಮ.

ಇನ್ನು ಸೀಮೆಸುಣ್ಣದ ಕಥೆ. 1990ರ ದಶಕದಲ್ಲಿ ಬೆಂಗಳೂರಿನ ಬೀದಿಗಳಲ್ಲೂ ಎಷ್ಟೋ ಹಳ್ಳಿಗಳಲ್ಲೂ ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದು ನಿಮಗೆ ನೆನಪಿರಬಹುದು, ಇಲ್ಲವೇ ಮನೆಯ ಹಿರಿಯರಿಗಂತೂ ನೆನಪಿರುತ್ತದೆ. ರಾತ್ರಿ ಒಂದು ದೆವ್ವ ಬಂದು ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆಗೆದರೆ ಕಥೆ ಮುಗಿಯಿತು ಎಂಬ ಸುದ್ದಿ. ಬಾಗಿಲ ಮೇಲಿನ ಬರಹ ಓದಿ ಅದು ವಾಪಸ್ ಹೋಗಬೇಕು, ಮರುದಿನ ಬಂದು ಮತ್ತೆ ಓದಬೇಕು, ಮತ್ತೆ ಹೋಗಬೇಕು. ಕನ್ನಡ ಓದಲು ಬರುವ, ಆದರೆ ಪಂಚಾಂಗ ನೋಡಲು ಬಾರದ ದೆವ್ವ! ಇದಕ್ಕಿಂತ ಒಳ್ಳೆಯ ಹಾಸ್ಯವನ್ನು ನಾವು ಐದು ಜನ ಕೂತು ಬರೆಯಲಾರೆವು ಅನಿಸಿ ಅದನ್ನು ಹಾಗೇ ಆಟಕ್ಕೆ ತಂದೆವು. ಬಾಗಿಲ ಮೇಲೆ ಬರೆದರೆ ಆ ರಾತ್ರಿಯ ದಂಡು ಪೂರ್ತಿ ವಾಪಸ್. ಮೊದಲ ಮೂರು ತುಂಡು ಉಚಿತ, ಆಮೇಲಿನದಕ್ಕೆ ದುಡ್ಡು.

ತಪ್ಪಾಗಿದ್ದು ಅಲ್ಲೇ. ಹೋದ ತಿಂಗಳು ಒಬ್ಬ ಹುಡುಗ ನಮಗೆ ಖುಷಿಯಿಂದ ಬರೆದ: ‘63 ರಾತ್ರಿ ದಾಟಿದೆ, ಒಂದು ದೆವ್ವದ ಮುಖವನ್ನೂ ನೋಡಿಲ್ಲ.’ ಎಂಟು ತಿಂಗಳು ಕೂತು ದೆವ್ವಗಳ ಮುಖ ಬರೆದಿದ್ದ ನಮ್ಮ ಚಿತ್ರಗಾರ್ತಿ ಅದನ್ನು ಓದಿ ಅವತ್ತು ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಆ ಹುಡುಗನದೇನೂ ತಪ್ಪಿಲ್ಲ. ದೆವ್ವ ಬಾರದ ದೆವ್ವದಾಟವನ್ನು ಅವನಿಗೆ ತುಂಡು ತುಂಡಾಗಿ ಮಾರಿದವರು ನಾವು. ಕಳೆದ ವರ್ಷ ನಮ್ಮ ಸಂಬಳದಲ್ಲಿ ಹೆಚ್ಚುಕಡಿಮೆ ಅರ್ಧ ಈ ಸೀಮೆಸುಣ್ಣದಿಂದಲೇ ಬಂದದ್ದು. ಹಾಗಾಗಿ ಗೊತ್ತಿದ್ದೂ ಸುಮ್ಮನಿದ್ದೆವು. ಅಷ್ಟೇ ಅಲ್ಲ, ಹತ್ತನೇ ರಾತ್ರಿಯನ್ನು ಬೇಕೆಂದೇ ಒಂದಿಷ್ಟು ಕಠಿಣ ಮಾಡಿಟ್ಟಿದ್ದೆವು. ಅಲ್ಲಿ ಸೋತವರು ಅಂಗಡಿಗೆ ಬರುತ್ತಿದ್ದರು. ಇದನ್ನು ಬರೆಯಬೇಕೋ ಬೇಡವೋ ಎಂದು ನಮ್ಮಲ್ಲೇ ಜಗಳ ಆಯಿತು. ಬರೆದಿದ್ದೇವೆ.

ಹೊಸ ನಿಯಮ ಹೀಗಿದೆ. ಐದು ರಾತ್ರಿ ಕಳೆದ ಮೇಲೆ ಅಜ್ಜಿಯ ಅಂಗಳ ಗುಡಿಸಿಕೊಟ್ಟರೆ ಒಂದು ತುಂಡು ಸೀಮೆಸುಣ್ಣ ಸಿಗುತ್ತದೆ, ಬಿಟ್ಟಿ. ಬರೆದರೆ ದಂಡು ಮೊದಲಿನಂತೆಯೇ ಹೋಗುತ್ತದೆ, ಆದರೆ ಈಗ ಅದು ಲೆಕ್ಕ ಇಟ್ಟುಕೊಂಡು ಹೋಗುತ್ತದೆ. ಪ್ರತಿ ರಾತ್ರಿಗೂ ಇಂತಿಷ್ಟು ಅಂಕ ಎಂದಿದ್ದು, ಆ ಅಂಕದಲ್ಲಿ ಆಟ ದೆವ್ವಗಳನ್ನು ‘ಕೊಳ್ಳುತ್ತದೆ’. ಕೊಳ್ಳಿದೆವ್ವಕ್ಕೆ 1, ಮೋಹಿನಿಗೆ 4, ಬ್ರಹ್ಮರಾಕ್ಷಸನಿಗೆ 15. ಮೊದಲ ರಾತ್ರಿಗೆ 20 ಅಂಕ, ಆಮೇಲೆ ರಾತ್ರಿಗೆ ಆರಾರು ಹೆಚ್ಚು. ಏಳನೇ ರಾತ್ರಿಯ 56 ಅಂಕದ ದಂಡನ್ನು ನೀವು ‘ನಾಳೆ ಬಾ’ ಎಂದು ಕಳಿಸಿದಿರಿ ಎನ್ನಿ. ಎಂಟನೇ ರಾತ್ರಿ ತನ್ನ 62ರ ಜೊತೆ ಆ 56, ಅದರ ಮೇಲೆ ಕಾಲುಭಾಗ ಬಡ್ಡಿ 14, ಒಟ್ಟು 132 ಅಂಕದ ದಂಡು ಬಾಗಿಲಿಗೆ ಬರುತ್ತದೆ. ಮುಂದಿರುವ ದೆವ್ವದ ಕೈಯಲ್ಲಿ ಒಂದು ಬೋರ್ಡು: ‘ಇವತ್ತು ನಗದು, ನಾಳೆ ಉದ್ರಿ.’ ನಿಮ್ಮೂರಿನ ಕಿರಾಣಿ ಅಂಗಡಿಯಲ್ಲಿ ನೋಡಿದ ಬೋರ್ಡೇ, ಅಕ್ಷರವೂ ಅದೇ.

ದಂಡು ಇಷ್ಟು ದೊಡ್ಡದಾದರೆ ನಿಲ್ಲಿಸುವುದು ಹೇಗೆ? ಹಳೆಯ ಅಂಗಳದಲ್ಲಿ ಸಾಧ್ಯವೇ ಇರಲಿಲ್ಲ. ನಾಲ್ಕೂ ದಿಕ್ಕಿನಿಂದ ದೆವ್ವ ನುಗ್ಗುತ್ತಿದ್ದವು, ಆಡುವವರು ಮನೆ ಸುತ್ತ ಓಡಿ ಓಡಿ ಸುಸ್ತಾಗಿ ಸೀಮೆಸುಣ್ಣ ಕೊಳ್ಳುತ್ತಿದ್ದರು. ನಮ್ಮ ತಂಡದಲ್ಲೊಬ್ಬರು ಚಿತ್ರದುರ್ಗದವರು. ‘ಓಬವ್ವ ಬಯಲಲ್ಲಿ ನಿಂತು ಹೊಡೆದಳೇನ್ರಪ್ಪಾ?’ ಎಂದು ಕೇಳಿದರು. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಲಷ್ಟೇ ಜಾಗವಿದ್ದ ಕಿಂಡಿ ಅದು. ಒನಕೆಗೆ ಬಲ ಬಂದದ್ದು ಆ ಕಿಂಡಿಯಿಂದ. ದಂಡು ತಡೆಯುವ ಯಾವ ಆಟಕ್ಕಾದರೂ ಇದೇ ಮೊದಲ ಪಾಠ, ನಮಗೆ ಮಾತ್ರ ಎರಡು ವರ್ಷ ಹೊಳೆದಿರಲಿಲ್ಲ. ಈಗ ಅಂಗಳಕ್ಕೆ ಬೇಲಿ ಬಂದಿದೆ, ಗಳ ಸರಿಸಿ ದಾಟುವ ಒಂದು ಉಣುಗೋಲು ಬಂದಿದೆ. ಬೇಲಿಯನ್ನು ಎಲ್ಲಿ ಬಿಡಿಸಬೇಕು, ಎಲ್ಲಿ ಮುಚ್ಚಬೇಕು ಎಂಬುದು ನಿಮ್ಮ ಕೈಯಲ್ಲಿದೆ. ಪೂರ್ತಿ ಮುಚ್ಚಿದರೆ ದೆವ್ವಗಳು ಮಾಡು ಹತ್ತಿ ಹೆಂಚು ಒಡೆಯುತ್ತವೆ. ಹೆಂಚಿನ ಲೆಕ್ಕ ಅಜ್ಜಿ ಇಟ್ಟಿರುತ್ತಾಳೆ.

ಇನ್ನೊಂದು ಬದಲಾವಣೆ, ಆಡುವವರಲ್ಲಿ ಯಾರು ಮುಂದಿದ್ದಾರೆಂದು ತೋರಿಸುವ ಅಂಕಪಟ್ಟಿಯದು. 1978ರಲ್ಲಿ ಜಪಾನಿನ ಟೊಮೊಹಿರೊ ನಿಶಿಕಾಡೊ ‘ಸ್ಪೇಸ್ ಇನ್ವೇಡರ್ಸ್’ ಎಂಬ ವಿಡಿಯೊ ಆಟ ಮಾಡಿದಾಗ ಯಂತ್ರಕ್ಕೆ ಅಷ್ಟೂ ಶತ್ರುಗಳನ್ನು ಒಟ್ಟಿಗೆ ವೇಗವಾಗಿ ಓಡಿಸುವ ಶಕ್ತಿ ಇರಲಿಲ್ಲ. ನೀವು ಹೊಡೆಯುತ್ತ ಹೋದಂತೆ ಹೊರೆ ಇಳಿದು ಉಳಿದವು ಚುರುಕಾಗುತ್ತಿದ್ದವು. ಅವರು ಅದನ್ನು ಸರಿಪಡಿಸದೆ ಹಾಗೇ ಬಿಟ್ಟರು, ಆಟದ ಸೊಗಸೇ ಅದಾಯಿತು. ನಮ್ಮಲ್ಲೂ ಇಂಥದ್ದೇ ಒಂದು ಎಡವಟ್ಟು ಆಗಿತ್ತು, ಸೊಗಸು ಮಾತ್ರ ಬರಲಿಲ್ಲ. ರಾತ್ರಿಯ ಗಡಿಯಾರ ನಿಜವಾದ ಸೆಕೆಂಡಿನಲ್ಲಿ ಓಡುತ್ತಿತ್ತು, ದೆವ್ವದ ನಡಿಗೆಯನ್ನು ಮಾತ್ರ ಫ್ರೇಮಿಗೆ, ಅಂದರೆ ಪರದೆಯ ಮೇಲೆ ಒಂದರ ಹಿಂದೊಂದು ಮೂಡುವ ಒಂದೊಂದು ಚಿತ್ರಕ್ಕೆ, ಇಷ್ಟು ಹೆಜ್ಜೆ ಎಂದು ಬರೆದುಬಿಟ್ಟಿದ್ದೆವು. ಸೆಕೆಂಡಿಗೆ 60 ಫ್ರೇಮ್ ಬರುವ ಫೋನಿನಲ್ಲಿ ಅಂಗಳ ದಾಟಲು ದೆವ್ವಕ್ಕೆ 6 ಸೆಕೆಂಡು. ದಂಡು ಜಾಸ್ತಿಯಾಗಿ 20 ಫ್ರೇಮಿಗೆ ಇಳಿದ ಹಳೇ ಫೋನಿನಲ್ಲಿ 18 ಸೆಕೆಂಡು. ಅಷ್ಟರಲ್ಲಿ ಕೋಳಿ ಕೂಗಿಬಿಡುತ್ತಿತ್ತು. ಅಂಕಪಟ್ಟಿಯ ಮೇಲಿನ ಸಾಲುಗಳಲ್ಲಿ ಒಡೆದ ಗಾಜಿನ ಫೋನುಗಳೇ ತುಂಬಿದ್ದವು ಎಂಬ ಗುಮಾನಿ ನಮಗೆ ಮೊದಲೇ ಇತ್ತು.

ಈಗ ನಡಿಗೆಯೂ ಸೆಕೆಂಡಿನ ಲೆಕ್ಕಕ್ಕೆ ಬಂದಿದೆ. ಫೋನಿಗೆ ಹೊರೆಯಾಗದಂತೆ ಪರದೆಯ ಮೇಲೆ ಒಂದು ಸಲಕ್ಕೆ 60 ದೆವ್ವ ಮಾತ್ರ. ಉಳಿದವು ಬೇಲಿಯಾಚೆ ನ್ಯಾಯಬೆಲೆ ಅಂಗಡಿಯ ಮುಂದಿನ ಹಾಗೆ ಟೋಕನ್ ಹಿಡಿದು ಸಾಲಿನಲ್ಲಿ ನಿಂತಿರುತ್ತವೆ. ಸತ್ತ ದೆವ್ವವನ್ನು ಎಸೆದು ಹೊಸದು ಮಾಡುವುದಿಲ್ಲ, ಅದನ್ನೇ ಮುಖ ತೊಳೆಸಿ ಸಾಲಿನ ಕೊನೆಗೆ ಕಳಿಸುತ್ತೇವೆ. ಫೋನಿನ ಮೆಮೊರಿ ಉಳಿಯುತ್ತದೆ. ಪರೀಕ್ಷೆ ಮಾಡುವಾಗ ಎರಡು ದೆವ್ವ ಒಂದೇ ಜಾಗದಲ್ಲಿ ಸಿಕ್ಕಿ ಒಂದನ್ನೊಂದು ತಳ್ಳಾಡಿದವು, ನೋಡಿದರೆ ಥೇಟ್ ಸಾಲಿನಲ್ಲಿ ಮಧ್ಯೆ ತೂರಿದವರ ಜಗಳ. ನಿಶಿಕಾಡೊ ಅವರ ಹೆಸರು ಹೇಳಿಕೊಂಡು ಅದನ್ನು ಸರಿಪಡಿಸದೆ ಮಾತು ಜೋಡಿಸಿದೆವು. ಒಂದು ಹುಬ್ಬಳ್ಳಿಯ ದೆವ್ವ, ಇನ್ನೊಂದು ಮಂಡ್ಯದ್ದು.

ಹಾಸ್ಯದ ಬಗ್ಗೆಯೂ ದೂರುಗಳು ಬಂದಿದ್ದವು, ಒಪ್ಪುತ್ತೇವೆ. ಅಜ್ಜಿಯ 40 ಬೈಗುಳ ಮೊದಲ ವಾರ ನಗಿಸಿ ಮೂರನೇ ವಾರ ತಲೆ ತಿನ್ನುತ್ತಿದ್ದವು. ದಂಡಿನ ಮೇಲೆ ದಂಡು ಬರುವ ಆಟದಲ್ಲಿ ಜೋಕು ಸಾಯುವುದೇ ಹೀಗೆ, ಕೇಳಲು ಪುರುಸೊತ್ತಿಲ್ಲದಾಗ ಅದು ಬರೀ ಗಲಾಟೆ. ತೆಂಕುತಿಟ್ಟಿನ ಯಕ್ಷಗಾನ ನೋಡಿದವರಿಗೆ ಗೊತ್ತು, ರಾಕ್ಷಸ ಪಾತ್ರದ ಬಣ್ಣದ ವೇಷ ತೆರೆಯ ಹಿಂದೆ ಆರ್ಭಟಿಸುತ್ತ ಎಷ್ಟು ಹೊತ್ತು ಕಾಯಿಸುತ್ತದೆ, ಹಾಸ್ಯಗಾರ ಬಂದು ಎಲ್ಲಿ ಉಸಿರಾಡಲು ಬಿಡುತ್ತಾನೆ ಎಂದು. ಅದನ್ನೇ ನೋಡಿ ಕಲಿತು, ಎರಡು ದಂಡುಗಳ ನಡುವಿನ ಬಿಡುವನ್ನು 20 ಸೆಕೆಂಡಿನಿಂದ 45ಕ್ಕೆ ಏರಿಸಿದ್ದೇವೆ. ಅಜ್ಜಿ ಈಗ ಆ ಬಿಡುವಿನಲ್ಲಷ್ಟೇ ಬಾಯಿ ತೆರೆಯುತ್ತಾಳೆ, ಒಂದು ಬೈಗುಳವನ್ನು ಒಂದು ರಾತ್ರಿಯಲ್ಲಿ ಎರಡನೇ ಸಲ ಹೇಳುವುದಿಲ್ಲ. ಬ್ರಹ್ಮರಾಕ್ಷಸನಿಗೂ ಬಡ್ತಿ ಸಿಕ್ಕಿದೆ. ಓದಿಕೊಂಡವನು, ಅಶ್ವತ್ಥ ಮರದಲ್ಲಿ ಕೂತು ಬೇಸತ್ತವನು. ಅವನು ಹೊಡೆಯದೆ ಒಗಟು ಕೇಳುತ್ತಾನೆ. ತಪ್ಪು ಹೇಳಿದರೆ ಮನೆಯೊಳಗೆ ಬಂದು ಕೂತು ನಿಮ್ಮ ವ್ಯಾಕರಣ ತಿದ್ದುತ್ತಾನೆ, ಬೆಳಗಾದರೂ ಏಳುವುದಿಲ್ಲ.

ಈಗ ದುಡ್ಡಿನ ಮಾತು. ಬಳಸದೆ ಉಳಿದ ಸೀಮೆಸುಣ್ಣಕ್ಕೆ ತುಂಡಿಗೆ 2 ರೂಪಾಯಿ 90 ಪೈಸೆಯಂತೆ ಹಣ ವಾಪಸ್ ಕೊಡುತ್ತೇವೆ. ಕಳೆದ ಮೂರು ತಿಂಗಳಲ್ಲಿ ಡಬ್ಬಿ ಕೊಂಡವರು, ಖಾಲಿ ಮಾಡಿದ್ದರೂ ಸರಿ, ಕೇಳಿದರೆ ಪೂರ್ತಿ 29 ರೂಪಾಯಿ ವಾಪಸ್. ಆಟದ ಮೊದಲ ಪುಟದಲ್ಲಿರುವ ‘ಅಜ್ಜಿಗೆ ಕಾಗದ’ ಗುಂಡಿ ಒತ್ತಿ ‘ಸುಣ್ಣ’ ಎಂದಷ್ಟೇ ಬರೆಯಿರಿ, ಕಾರಣ ಕೇಳುವುದಿಲ್ಲ. ಹಣ ಬೇಡ, ಸೀಮೆಸುಣ್ಣವೇ ಇರಲಿ ಎನ್ನುವವರಿಗೆ ‘ಹಳೇ ಲೆಕ್ಕ’ ಎಂಬ ಬೇರೆ ಬಾಗಿಲು ಇಟ್ಟಿದ್ದೇವೆ. ಅಲ್ಲಿ ಹಳೆಯ ನಿಯಮ, ಹಳೆಯ ಅಂಕಪಟ್ಟಿ, ಬಡ್ಡಿ ಇಲ್ಲದ ದೆವ್ವ, ಎಲ್ಲವೂ ಇದ್ದ ಹಾಗೇ ಇರುತ್ತವೆ. ಹೊಸ ಅಂಕಪಟ್ಟಿ ಎಲ್ಲರಿಗೂ ಸೊನ್ನೆಯಿಂದ ಶುರು.

ಸೀಮೆಸುಣ್ಣದ ಆದಾಯ ನಿಂತದ್ದನ್ನು ತುಂಬಿಕೊಳ್ಳಲು ಹೊಸದಾಗಿ ಕೊಳ್ಳುವವರಿಗೆ ಆಟದ ಬೆಲೆ 149ರಿಂದ 199 ರೂಪಾಯಿ ಆಗುತ್ತದೆ. ನೀವು ಆಗಲೇ ಕೊಂಡಿದ್ದೀರಿ, ಮತ್ತೆ ಏನೂ ಕೊಡಬೇಕಿಲ್ಲ. ಜಾಹೀರಾತು ಹಾಕುವುದಿಲ್ಲ.

63 ರಾತ್ರಿ ದಾಟಿದ ಹುಡುಗನಿಗೆ ಹೊಸ ಆವೃತ್ತಿಯನ್ನು ಮೊದಲೇ ಕಳಿಸಿ ಆಡಲು ಕೊಟ್ಟಿದ್ದೆವು. ಏಳನೇ ರಾತ್ರಿ ಸೋತ. ಮೋಹಿನಿಯ ಚಪ್ಪಲಿ ಎರಡೂ ಎಡಗಾಲಿನದು ಎಂದು ಬರೆದು ಕಳಿಸಿದ್ದಾನೆ. ನೋಡಿದೆವು, ಹೌದು. ಅದನ್ನು ಈ ಅಪ್‌ಡೇಟ್‌ನಲ್ಲೇ ಸರಿಪಡಿಸುತ್ತಿದ್ದೇವೆ.

ಅಪ್‌ಡೇಟ್ 214 ಎಂಬಿ ಇದೆ, ವೈಫೈ ಇದ್ದಲ್ಲಿ ಇಳಿಸಿಕೊಳ್ಳಿ.

ಇಂತಿ,
‘ಅಜ್ಜಿಮನೆ’ ಮಾಡಿದ ಐವರು