ಪದ್ಯ ತರಗತಿಯಲ್ಲೇ ಕೇಳಿಸಲಿ

ಮಾನ್ಯರೇ,

ಪಠ್ಯಪುಸ್ತಕಗಳಲ್ಲಿ 'ದೀಕ್ಷಾ' ಎಂಬ ಸರ್ಕಾರಿ ಆನ್‌ಲೈನ್ ಕಲಿಕಾ ವೇದಿಕೆಯ ಕ್ಯೂಆರ್ ಕೋಡ್‌ಗಳು ಬಂದು ವರ್ಷಗಳಾದರೂ, ನಾನು ಕಂಡ ಮಟ್ಟಿಗೆ ಕನ್ನಡ ಪಾಠದ ಹೊತ್ತಿನಲ್ಲಿ ಅವನ್ನು ತೆರೆಯುವವರು ವಿರಳ.

ಹೈಸ್ಕೂಲಿನಲ್ಲಿ ಓದುವ ನನ್ನ ಮಗಳು ಭಾಮಿನಿ ಷಟ್ಪದಿ ಛಂದಸ್ಸಿನ ಪದ್ಯವೊಂದಕ್ಕೆ ಪ್ರಸ್ತಾರ ಹಾಕಿ (ಲಘು–ಗುರು ಗುರುತಿಸಿ), 3 ಮತ್ತು 4 ಮಾತ್ರೆಯ ಗಣಗಳನ್ನು ತಪ್ಪಿಲ್ಲದೆ ವಿಂಗಡಿಸುತ್ತಾಳೆ. ಆದರೆ ಆ ಪದ್ಯವನ್ನು ಒಮ್ಮೆಯೂ ಕಿವಿಯಾರೆ ಕೇಳಿರಲಿಲ್ಲ! ಮೊನ್ನೆ ಮೊಬೈಲಿನಲ್ಲಿ ಕಾವ್ಯವನ್ನು ರಾಗವಾಗಿ ಓದುವ ಗಮಕಿಯೊಬ್ಬರ ವಾಚನ ಕೇಳಿಸಿದೆ. ಎರಡನೇ ಸಲಕ್ಕೆ ತಾನೇ ದನಿಗೂಡಿಸಿದಳು. ಪದವನ್ನು ಎಲ್ಲಿ ಬಿಡಿಸಬೇಕೆಂದು ಪುಸ್ತಕದ ಮೇಲೆ ಬೆರಳಿಟ್ಟು ತೋರಿಸಿದಳು. ಆದರೆ ಕವಿ ಅದೇ ಪದವನ್ನು ಏಕೆ ಬಳಸಿದ ಎಂದು ಅವಳು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಅದಕ್ಕೆ ಮೇಷ್ಟ್ರೇ ಬೇಕು. ಇನ್ನು ಮನೆಯಲ್ಲಿ ಸ್ಮಾರ್ಟ್‌ಫೋನ್ ಇಲ್ಲದ ಮಕ್ಕಳಿಗೆ ಆ ದನಿಯೂ ಇಲ್ಲ, ಪುಸ್ತಕದ ಕೋಡ್ ಬರೀ ಕಪ್ಪು ಚೌಕ.

ಶಿಕ್ಷಣ ಇಲಾಖೆಯು ಪಠ್ಯದಲ್ಲಿರುವ ಪ್ರತಿ ಹಳಗನ್ನಡ, ನಡುಗನ್ನಡ ಪದ್ಯಕ್ಕೂ ಗಮಕ ವಾಚನದ ಧ್ವನಿಮುದ್ರಣ ಸಿಗುವಂತೆ ನೋಡಿಕೊಳ್ಳಬೇಕು. ವಾರಕ್ಕೊಂದು ಕನ್ನಡ ಅವಧಿಯನ್ನು ಅದನ್ನು ಕೇಳಿ, ಶಿಕ್ಷಕರೊಂದಿಗೆ ಚರ್ಚಿಸಲು ಮೀಸಲಿಡಬೇಕು. ಇದಕ್ಕೆ ಸ್ಮಾರ್ಟ್ ಕ್ಲಾಸ್ ಬೇಕಿಲ್ಲ. ಒಂದು ಮೊಬೈಲ್, ಒಂದು ಸ್ಪೀಕರ್ ಸಾಕು.

– ಒಬ್ಬ ಪೋಷಕ, ಹಾಸನ